ಇಪ್ಪತ್ತು ಮಾರ್ಕ್ಸ್ ಹೆಚ್ಚು

“ಇನ್ನೊಂದು ಸಲ ನೋಡಿ ಟೀಚರ್,” ಎಂದಳು ಸ್ಫೂರ್ತಿ.

“ಮೂರು ಸಲ ನೋಡಿ ಆಯ್ತಲ್ಲೇ ಹುಡುಗಿ. ನಂಬರೂ ನಿಂದೇ, ಹೆಸರೂ ನಿಂದೇ,” ಎಂದರು ಗಂಗಾ ಟೀಚರ್.

ಅವರ ಮೇಜಿನ ಮೇಲೆ ಉದ್ದನೆಯ ಹಾಳೆ ಇತ್ತು. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯ ಫಲಿತಾಂಶ. ಸ್ಫೂರ್ತಿಯ ಹೆಸರಿನ ಸಾಲು ತಪ್ಪಿಹೋಗದಂತೆ ಟೀಚರ್ ಅದರ ಕೆಳಗೆ ಸ್ಕೇಲ್ ಇಟ್ಟಿದ್ದರು. ಆ ಸಾಲಿನಲ್ಲಿ, ಗಣಿತದ ಜಾಗದಲ್ಲಿ, ಮೂವತ್ತೈದು ಎಂದಿತ್ತು. ಒಂದೇ ಒಂದು ಮಾರ್ಕ್ ಕಡಿಮೆ ಬಿದ್ದಿದ್ದರೆ ಫೇಲ್!

“ಒಟ್ಟು ಐವತ್ತೆರಡು ಪರ್ಸೆಂಟ್, ಸೆಕೆಂಡ್ ಕ್ಲಾಸ್. ಪಾಸಾದವಳು ಹೀಗೆ ಮುಖ ಮಾಡ್ಕೊಂಡ್ರೆ ಹೆಂಗೆ?” ಎಂದು ಟೀಚರ್ ಒಂದು ಚೀಟಿಯಲ್ಲಿ ಆರೂ ವಿಷಯದ ಅಂಕ ಬರೆದು ಕೊಟ್ಟರು. “ಅಪ್ಪಂಗೆ ತೋರ್ಸು.”

ತೋರಿಸುವುದೇ ಕಷ್ಟವಾಗಿತ್ತು. ಯಾಕೆಂದರೆ ಅದು ಅಪ್ಪನೊಬ್ಬನಿಗೆ ತೋರಿಸಿದರೆ ಮುಗಿಯುತ್ತಿರಲಿಲ್ಲ. ಇಡೀ ಬಸ್ಸು ಕಾಯುತ್ತಿತ್ತು.

ಸ್ಫೂರ್ತಿಯ ಅಪ್ಪ ಸದಾಶಿವ ಬಸ್ ಕಂಡಕ್ಟರ್. ಶಿರಸಿಯಿಂದ ಬನವಾಸಿಗೆ, ಬನವಾಸಿಯಿಂದ ಶಿರಸಿಗೆ ದಿನಾ ಓಡಾಡುವ ಬಸ್ಸು ಅವನದು. ಐದನೇ ಕ್ಲಾಸಿನಿಂದ ಸ್ಫೂರ್ತಿ ಅದೇ ಬಸ್ಸಿನಲ್ಲಿ ಶಿರಸಿಯ ಶಾಲೆಗೆ ಬರುತ್ತಿದ್ದಳು, ಅದರಲ್ಲೇ ಬನವಾಸಿಯ ಮನೆಗೆ ಮರಳುತ್ತಿದ್ದಳು. ಬಸ್ಸಿನಲ್ಲಿ ದಿನಾ ಕಾಣುವ ಮುಖಗಳೆಲ್ಲ ಅವಳಿಗೆ ನೆಂಟರಿದ್ದ ಹಾಗೆ.

ಮಾರ್ಚ್‌ನಲ್ಲಿ ಪರೀಕ್ಷೆ ಬಂದಾಗ ಇಡೀ ಬಸ್ಸೇ ಪರೀಕ್ಷೆಗೆ ಕೂತಂತಿತ್ತು. ಎಷ್ಟೇ ರಶ್ ಇದ್ದರೂ ಕಿಟಕಿ ಪಕ್ಕದ ಸೀಟು ಅವಳಿಗೇ. ಸೊಪ್ಪು ಮಾರುವ ಗುರುಶಾಂತವ್ವ ಜೋರಾಗಿ ಮಾತಾಡುವವರನ್ನು “ಏ, ಹುಡುಗಿ ಓದಾಕ್ಹತ್ತೇತಿ” ಎಂದು ಗದರುತ್ತಿದ್ದಳು. ಪೋಸ್ಟ್ ಆಫೀಸಿನ ನಾಗಪತಿ ಹೆಗಡೆಯವರು ಪುಸ್ತಕ ಇಸಿದುಕೊಂಡು ಸಮಾಜದ ಪ್ರಶ್ನೆ ಕೇಳುತ್ತಿದ್ದರು. ಡ್ರೈವರ್ ವೆಂಕಟ್ರಮಣ ಮಾಮ ಅಂತೂ, ಅವಳ ಅಕ್ಷರ ಸೊಟ್ಟ ಆಗಬಾರದು ಎಂದು ಹೊಂಡ ಇದ್ದಲ್ಲೆಲ್ಲ ಬಸ್ಸನ್ನು ತೊಟ್ಟಿಲಿನ ಹಾಗೆ ಇಳಿಸಿ ಹತ್ತಿಸುತ್ತಿದ್ದ.

ಅಪ್ಪ ಮಾತ್ರ ಟಿಕೆಟ್ ಹರಿಯುತ್ತ ಎಲ್ಲರಿಗೂ ಸಾರುತ್ತಿದ್ದ. “ನನ್ನ ಮಗಳು ಫಸ್ಟ್ ಕ್ಲಾಸಿನಿಂದ ಕೆಳಗ ಇಳಿಯಂಗಿಲ್ರಿ!”

ಸ್ಫೂರ್ತಿ ಬಸ್ ಸ್ಟ್ಯಾಂಡಿಗೆ ಬಂದಾಗ ಮೂರೂವರೆಯ ಬಸ್ಸು ನಿಂತಿತ್ತು. ಅಪ್ಪ ಬಾಗಿಲ ಹತ್ತಿರ ನಿಂತು “ಬನವಾಸಿ, ಬನವಾಸಿ, ಬನವಾಸೀ” ಎಂದು ಕೂಗುತ್ತಿದ್ದ. ಮಗಳನ್ನು ಕಂಡವನೇ ಕೂಗುವುದನ್ನು ನಿಲ್ಲಿಸಿ ಓಡಿ ಬಂದ.

“ಏನಾತು? ಎಷ್ಟಾತು?”

ಅವಳು ಚೀಟಿ ಕೊಟ್ಟಳು. ಅಪ್ಪನ ಕಣ್ಣು ನೇರ ಹೋಗಿ ಗಣಿತದ ಮೇಲೆ ನಿಂತಿತು. ಆಮೇಲೆ ಕೆಳಗಿನ ಪರ್ಸೆಂಟಿನ ಮೇಲೆ. ಅವನು ಬೈಯಲಿಲ್ಲ. ಚೀಟಿಯನ್ನು ಸಣ್ಣಗೆ ಮಡಚಿ ಖಾಕಿ ಶರ್ಟಿನ ಜೇಬಿಗೆ ಹಾಕಿಕೊಂಡ.

“ಆತು. ಕುಂದರ್ ಹೋಗು,” ಎಂದ.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ಸ್ಫೂರ್ತಿಗೆ.

ಬಸ್ಸು ಹೊರಟಿತು. ಶಿರಸಿ ಪೇಟೆ ದಾಟುವ ತನಕ ಅಪ್ಪ ಹಿಂದಿನ ಸೀಟುಗಳಲ್ಲೇ ಟಿಕೆಟ್ ಕೊಡುತ್ತ ಉಳಿದ. ಆದರೆ ಎಷ್ಟು ಹೊತ್ತು ಅಲ್ಲೇ ಇರಲು ಸಾಧ್ಯ? ಮುಂದೆ ಬರಲೇಬೇಕಲ್ಲ.

“ಏ ಸದಾಶಿವಾ,” ಎಂದಳು ಗುರುಶಾಂತವ್ವ. ಖಾಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಅವಳು ಸ್ಫೂರ್ತಿಯ ಪಕ್ಕದಲ್ಲೇ ಕೂತಿದ್ದಳು. “ಇವತ್ತ ರಿಸಲ್ಟ್ ಅಂದಿದ್ದೆಲ್ಲೋ. ಈ ಹುಡುಗಿ ಬಾಯೇ ಬಿಡವಲ್ದು. ಏನಾತು?”

“ಪಾಸ್ ಆತಬೇ,” ಎಂದ ಅಪ್ಪ.

“ಪಾಸಾಗೂದು ಗೊತ್ತೈತಿ. ಎಷ್ಟ ಬಿದ್ದಾವು?”

ಮುಂದಿನ ಸೀಟಿನಿಂದ ನಾಗಪತಿ ಹೆಗಡೆಯವರೂ ತಿರುಗಿದರು. “ಹೌದು ಮಾರಾಯಾ, ಪರ್ಸೆಂಟ್ ಎಷ್ಟು ಹೇಳು.” ವೆಂಕಟ್ರಮಣ ಮಾಮ ಕನ್ನಡಿಯಲ್ಲಿ ನೋಡುತ್ತಿದ್ದ.

ಅಪ್ಪ ಟಿಕೆಟ್ ಕಟ್ಟನ್ನು ಒಮ್ಮೆ ನೋಡಿದ. ಕಿಟಕಿಯ ಹೊರಗೆ ಒಮ್ಮೆ ನೋಡಿದ. ಸ್ಫೂರ್ತಿಯನ್ನು ಮಾತ್ರ ನೋಡಲಿಲ್ಲ.

“ಎಪ್ಪತ್ತೆರಡು,” ಎಂದ. “ಫಸ್ಟ್ ಕ್ಲಾಸ್.”

ಪಾಂ ಪಾಂ ಪಾಂ! ಎದುರಿಗೆ ಒಂದು ದನವೂ ಇಲ್ಲದ ರಸ್ತೆಯಲ್ಲಿ ವೆಂಕಟ್ರಮಣ ಮಾಮ ಹಾರ್ನ್ ಹೊಡೆದ. ಗುರುಶಾಂತವ್ವ ಸ್ಫೂರ್ತಿಯ ಕೆನ್ನೆ ಸವರಿ ನೆಟಿಗೆ ತೆಗೆದಳು. ಹೆಗಡೆಯವರು ಜೇಬಿನಿಂದ ತಮ್ಮ ಪೆನ್ನನ್ನೇ ತೆಗೆದು ಅವಳ ಕೈಯಲ್ಲಿಟ್ಟರು. “ಹೈಸ್ಕೂಲಿಗೆ ಇದ್ರಲ್ಲೇ ಬರಿ. ಒಳ್ಳೇ ಪೆನ್ನು, ಕಳೀಬೇಡ.”

ಎಪ್ಪತ್ತೆರಡು ಎನ್ನುವುದು ಸೀಟಿನಿಂದ ಸೀಟಿಗೆ ಹಿಂದಕ್ಕೆ ಹೋಯಿತು. ಹಿಂದಿನ ಬಾಗಿಲು ಮುಟ್ಟುವಷ್ಟರಲ್ಲಿ ಯಾರೋ ಅದನ್ನು ಎಪ್ಪತ್ತೈದು ಮಾಡಿದ್ದರು. ಸ್ಫೂರ್ತಿ ಪೆನ್ನನ್ನು ಎರಡು ಬೆರಳಲ್ಲಿ ಹಿಡಿದು ಕೂತಳು. ಅದು ಬಿಸಿಯಾಗಿದೆ ಅನ್ನಿಸುತ್ತಿತ್ತು.

ಆಗ ಹಿಂದಿನಿಂದ ಒಂದು ಗಂಡು ದನಿ ಕೇಳಿತು.

“ಕೇಳ್ದ್ಯಾ? ಕೇಳ್ದ್ಯನಾ ನೀನು?”

ಎಲ್ಲರೂ ತಿರುಗಿದರು. ಮಾತಾಡುತ್ತಿದ್ದವನು ಕೆರಿಯ. ಕಲ್ಲಿನ ಕ್ವಾರಿಯಲ್ಲಿ ಕೆಲಸ ಮಾಡುವವನು. ಅವನ ಲುಂಗಿಯ ಮೇಲೆಲ್ಲ ಕೆಂಪು ಧೂಳು. ಪಕ್ಕದಲ್ಲಿ ಅವನ ಮಗ ತಿಮ್ಮ ಗದ್ದವನ್ನು ಎದೆಗೆ ಒತ್ತಿಕೊಂಡು ಕೂತಿದ್ದ. ತಿಮ್ಮ ಬೇರೆ ಶಾಲೆಯವನು. ಆದರೆ ಪರೀಕ್ಷೆಯಲ್ಲಿ ಅವನ ನಂಬರು ಸ್ಫೂರ್ತಿಯ ಕೋಣೆಯಲ್ಲೇ ಬಂದಿತ್ತು.

“ಆ ಹುಡುಗಿ ಬಸ್ಸಲ್ಲಿ ಕೂತ್ಕಂಡು ಓದಿ ಎಪ್ಪತ್ತೈದು ತಗಂಡದೆ. ನಿಂಗೆ ಮನೇಲಿ ಎಂತ ಕಮ್ಮಿ ಆಗಿತ್ತು? ಲೆಕ್ಕದಲ್ಲಿ ಫೇಲು! ಸಾಕು ಶಾಲೆ. ನಾಳಿಂದ ನನ್ ಸಂಗಡ ಕಲ್ಲು ಹೊರೂಕೆ ಬಾ.”

ತಿಮ್ಮ ಕೈಯಲ್ಲಿದ್ದ ಟಿಕೆಟನ್ನು ಸಣ್ಣ ಸಣ್ಣ ಚೂರು ಮಾಡುತ್ತಿದ್ದ. ಒಂದು ಹನಿ ಅವನ ಮೂಗಿನ ತುದಿಯಿಂದ ಜಾರಿ ಟಿಕೆಟಿನ ಮೇಲೆ ಬಿತ್ತು.

ಸ್ಫೂರ್ತಿ ಅಪ್ಪನನ್ನು ನೋಡಿದಳು. ಅಪ್ಪನೂ ತಿಮ್ಮನನ್ನೇ ನೋಡುತ್ತಿದ್ದ. ಅವನ ಬಾಯಿ ಸ್ವಲ್ಪ ತೆರೆದಿತ್ತು.

ಅವಳು ಎದ್ದು ನಿಂತಳು. ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು.

“ಎಪ್ಪತ್ತೈದಲ್ಲ,” ಎಂದಳು. ಯಾರಿಗೂ ಕೇಳಿಸಲಿಲ್ಲ. ಇನ್ನೂ ಜೋರಾಗಿ ಹೇಳಿದಳು. “ನನಗ ಎಪ್ಪತ್ತೈದೂ ಅಲ್ಲ, ಎಪ್ಪತ್ತೆರಡೂ ಅಲ್ಲ! ಐವತ್ತೆರಡು. ಸೆಕೆಂಡ್ ಕ್ಲಾಸ್. ಗಣಿತದಾಗ ಬರೇ ಮೂವತ್ತೈದು.”

ಎಲ್ಲರ ಕಣ್ಣೂ ಅವಳಿಂದ ಅಪ್ಪನ ಕಡೆ ಹೊರಳಿದವು.

“ಮತ್ತ ನಿಮ್ಮಪ್ಪ...” ಎಂದಳು ಗುರುಶಾಂತವ್ವ.

“ಬಸ್ ಸ್ಟ್ಯಾಂಡಿನ್ಯಾಗ ಭಾಳ ಗದ್ದಲ ಇತ್ತಜ್ಜಿ. ನಾನು ಹೇಳಿದ್ದು ಅಪ್ಪಗ ಸರಿ ಕೇಳಿಸಿಲ್ಲ,” ಎಂದು ಸ್ಫೂರ್ತಿ ಗಡಬಡಿಸಿ ಹೇಳಿದಳು.

ಅಷ್ಟಕ್ಕೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ಎಲ್ಲರೂ ನಂಬುತ್ತಿದ್ದರು. ಆದರೆ ಅಪ್ಪ ತಲೆ ಅಲ್ಲಾಡಿಸಿದ.

“ಇಲ್ಲ,” ಎಂದ. “ನನಗ ಸರೀನ ಗೊತ್ತಿತ್ತು. ಚೀಟಿ ಓದಿದ್ದೆ.”

ಅವನು ಮೇಲಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಕಿವಿ ಕೆಂಪಾಗಿತ್ತು.

“ಹದಿನಾಕು ವರ್ಷ ಆತು ನಾ ಈ ಕೆಲಸಕ್ಕ ಸೇರಿ. ಒಬ್ಬರ ಕಡೇನೂ ಹತ್ತು ಪೈಸೆ ಹೆಚ್ಚು ತಗೊಂಡಾಂವಲ್ಲ. ಇವತ್ತ ನೋಡ್ರಿ, ಇಪ್ಪತ್ತು ಮಾರ್ಕ್ಸ್ ಹೆಚ್ಚು ಹಾಕಿಬಿಟ್ಟೆ!”

ಮೊದಲು ವೆಂಕಟ್ರಮಣ ಮಾಮನ ನಗು ಕೇಳಿತು. ಆಮೇಲೆ ಹೆಗಡೆಯವರದು. ಕೊನೆಗೆ ಇಡೀ ಬಸ್ಸೇ ನಕ್ಕಿತು. ಅದು ಹಂಗಿಸುವ ನಗುವಾಗಿರಲಿಲ್ಲ. ಅಪ್ಪನೂ ಹಣೆ ಒರೆಸಿಕೊಂಡು ನಕ್ಕ.

ಸ್ಫೂರ್ತಿ ಪೆನ್ನನ್ನು ಮುಂದೆ ಚಾಚಿದಳು. “ತಗೊಳ್ರಿ. ಇದು ಫಸ್ಟ್ ಕ್ಲಾಸಿಗೆ ಕೊಟ್ಟಿದ್ರಿ.”

“ಯಾರು ಹೇಳಿದ್ದು ನಿಂಗೆ?” ಎಂದರು ಹೆಗಡೆಯವರು. “ಹೈಸ್ಕೂಲಿಗೆ ಅಂತ ಹೇಳಿ ಕೊಟ್ಟಿದ್ದು. ಸೆಕೆಂಡ್ ಕ್ಲಾಸಿನವರಿಗೆ ಹೈಸ್ಕೂಲಲ್ಲಿ ಬರೀಲಿಕ್ಕೆ ಇರೂದಿಲ್ವಾ? ಇಟ್ಕ.”

“ಈ ಕುಲುಕಾಡೋ ಡಬ್ಬಿಯೊಳಗ ಕುಂತು ಓದಿ ಐವತ್ತೆರಡು ತಗೊಂಡೈತಿ ನಮ್ಮ ಹುಡುಗಿ!” ಎಂದಳು ಗುರುಶಾಂತವ್ವ, ತಾನೇ ಓದಿಸಿದವಳ ಹಾಗೆ ಎದೆ ಉಬ್ಬಿಸಿ. “ಸಣ್ಣ ಮಾತೇನು?”

“ನನ್ನ ಬಸ್ಸಿಗೆ ಡಬ್ಬಿ ಅನ್ಬೇಡ ಅಜ್ಜೀ,” ಎಂದು ಮುಂದಿನಿಂದ ವೆಂಕಟ್ರಮಣ ಮಾಮ ಕೂಗಿದ.

ಸ್ಫೂರ್ತಿ ಹಿಂದಕ್ಕೆ ಹೋಗಿ ತಿಮ್ಮನ ಸೀಟಿನ ಹತ್ತಿರ ನಿಂತಳು. “ನಿನಗ ಗಣಿತದಾಗ ಎಷ್ಟು?”

“ಇಪ್ಪತ್ತೊಂಬತ್ತು,” ಎಂದ ತಿಮ್ಮ.

“ಉಳಿದಿದ್ರಾಗ?”

“ಎಲ್ಲಾದ್ರಲ್ಲೂ ಪಾಸು.”

“ಮೂವತ್ತೈದಕ್ಕೂ ಪಾಸ್ ಮಾಡ್ತ್ರಾ?” ಎಂದು ಕೆರಿಯ ಅಪನಂಬಿಕೆಯಿಂದ ಕೇಳಿದ. ಅವನು ಶಾಲೆಗೆ ಹೋದವನಲ್ಲ. ಪಾಸಾಗಲು ಎಷ್ಟು ಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

“ಮಾಡ್ತಾರ. ನನ್ನ ಮಾಡ್ಯಾರಲ್ಲ,” ಎಂದಳು ಸ್ಫೂರ್ತಿ.

ಅಷ್ಟರಲ್ಲಿ ಅಪ್ಪನೂ ಅಲ್ಲಿಗೆ ಬಂದಿದ್ದ. “ಆರು ಮಾರ್ಕ್ಸ್, ಕೆರಿಯಣ್ಣ. ಬರೇ ಆರು! ಆರು ಮಾರ್ಕ್ಸಿಗೆ ಯಾರಾದ್ರೂ ಹುಡುಗನ ಕೈಯಾಗ ಕಲ್ಲು ಹೊರಸ್ತಾರನು?”

“ಪರೀಕ್ಷೆ ಮತ್ತೆ ಕಟ್ಲಿಕ್ಕೆ ಬರ್ತದೆ,” ಎಂದರು ಹೆಗಡೆಯವರು. “ಲೆಕ್ಕ ಒಂದೇ ಬರೆದ್ರಾಯ್ತು. ಹೆಡ್ ಮಾಸ್ಟರ್ರ ಹತ್ರ ಹೋಗಿ ಕೇಳು. ಬೇಕಾದ್ರೆ ನಾನೂ ಬರ್ತೆ.”

ಕೆರಿಯ ಒಮ್ಮೆ ಅವರನ್ನು, ಒಮ್ಮೆ ಮಗನನ್ನು ನೋಡಿದ. “ನೋಡುವಾ,” ಎಂದ. ಆದರೆ ಇಳಿಯುವ ಜಾಗ ಬಂದಾಗ ಮಗನ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡು ಇಳಿದ. ತಿಮ್ಮ ಕೆಳಗೆ ನಿಂತು ಕಿಟಕಿಯತ್ತ ನೋಡಿ, ನಗಲೋ ಬೇಡವೋ ಎಂಬಂತೆ ಒಂದು ಚೂರು ನಕ್ಕ.

ಗುಡ್ನಾಪುರದ ಹೊತ್ತಿಗೆ ಗುರುಶಾಂತವ್ವನೂ ಇಳಿದು ಬಸ್ಸು ಅರ್ಧ ಖಾಲಿಯಾಗಿತ್ತು. ಅಪ್ಪ ಬಂದು ಸ್ಫೂರ್ತಿಯ ಪಕ್ಕ ಕೂತ. ಜೇಬಿನ ಚೀಟಿ ಬಿಡಿಸಿ, ಈ ಸಲ ಮೇಲಿನಿಂದ ಓದತೊಡಗಿದ.

“ಕನ್ನಡದಾಗ ಎಪ್ಪತ್ನಾಕು?” ಎಂದ. “ಇದನ್ನ ಯಾಕ ಹೇಳಲಿಲ್ಲ ನೀ?”

“ನೀ ಕೇಳಲೇ ಇಲ್ಲಲ್ಲಪ್ಪ.”

ಅಪ್ಪ ಬೆರಳನ್ನು ಒಂದೊಂದೇ ಸಾಲಿನ ಮೇಲೆ ಇಡುತ್ತ ಕೆಳಗಿನವರೆಗೆ ಓದಿದ. ಮತ್ತೆ ಮೇಲಿನಿಂದ ಓದಿದ.

“ಅಂಜಿಕಿ ಬಂತವ್ವ ನನಗ,” ಎಂದ, ತಲೆ ಎತ್ತದೆ. “ಎಲ್ಲಾರೂ ನನ್ನ ಮಾರೀನ ನೋಡಾಕ್ಹತ್ತಿದ್ರು. ಬಾಯಾಗ ಏನ್ ಬಂತೋ ಅದನ್ನ ಅಂದುಬಿಟ್ಟೆ.”

ಸ್ಫೂರ್ತಿ ಅಪ್ಪನನ್ನು ಹೊಸಬನನ್ನು ನೋಡಿದ ಹಾಗೆ ನೋಡಿದಳು. ಕುಡಿದು ಗಲಾಟೆ ಮಾಡುವವರನ್ನು ಒಂದೇ ಮಾತಿಗೆ ಕೆಳಗಿಳಿಸುವ ಅಪ್ಪ. ಅವನಿಗೂ ರಿಸಲ್ಟಿನ ದಿನ ತನ್ನ ಹಾಗೇ ಹೆದರಿಕೆ ಆಗುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

“ನನಗೂ ಅಂಜಿಕಿ ಬಂದಿತ್ತು,” ಎಂದಳು.

“ಆದ್ರೂ ಎದ್ದು ನಿಂತಿ,” ಎಂದ ಅಪ್ಪ. ಅಷ್ಟೇ ಹೇಳಿ, ಅವಳ ಜಡೆಯನ್ನು ಮೆಲ್ಲಗೆ ಎಳೆದ.

ಮುಂದಿನ ಸ್ಟಾಪಿನಲ್ಲಿ ಒಬ್ಬ ಹೆಂಗಸು ಹತ್ತಿದಳು. ಅವಳ ಹೆಸರು ಹೊನ್ನಿ. ಬನವಾಸಿಯಲ್ಲಿ ಸ್ಫೂರ್ತಿಯ ಮನೆಯ ಓಣಿಯವಳೇ. ಕಂಬಿ ಹಿಡಿದುಕೊಳ್ಳುವ ಮೊದಲೇ ಕೇಳಿದಳು, “ಕಂಡಕ್ಟ್ರೇ, ಮಗಳದ್ದು ಎಷ್ಟಾಯ್ತು?”

ಅಪ್ಪ ಎದ್ದು ನಿಂತ. “ನನ್ನ ಕೇಳಬ್ಯಾಡ್ರಿ. ಪರೀಕ್ಷೆ ಬರದಾಕಿ ಅಲ್ಲೇ ಕುಂತಾಳ, ಆಕೀನ್ನ ಕೇಳ್ರಿ!” ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದ.

ಸ್ಫೂರ್ತಿ ಹೇಳತೊಡಗಿದಳು. ಕನ್ನಡ ಎಪ್ಪತ್ನಾಲ್ಕು. ಇಂಗ್ಲಿಷ್ ನಲವತ್ತೊಂದು. ಹಿಂದಿ ಐವತ್ತು.

ಹೇಳುತ್ತ ಅಪ್ಪನತ್ತ ನೋಡಿದಳು. ಅವನು ಟಿಕೆಟ್ ಹರಿಯುವುದನ್ನು ಮರೆತು ನಿಂತಿದ್ದ. ಅವನ ತುಟಿಗಳು ಸದ್ದಿಲ್ಲದೆ ಅವಳ ಜೊತೆಗೇ ಅಲುಗುತ್ತಿದ್ದವು. ಇಷ್ಟರಲ್ಲೇ ಅವನಿಗೆ ಎಲ್ಲ ಬಾಯಿಪಾಠ ಆಗಿತ್ತು.

ಗಣಿತ ಬಂದಾಗ ಅವಳು ಸ್ವಲ್ಪ ತಡೆದಳು. ಅಪ್ಪನ ತುಟಿಗಳು ತಡೆಯಲಿಲ್ಲ. ಅವಳಿಗಿಂತ ಮೊದಲೇ ‘ಮೂವತ್ತೈದು’ ಎಂದವು.