ಮೂರು ಗ್ರಾಂ ಹೆಚ್ಚು

"ಕೈಗಿಂತ ಬಾಯಿ ಮುಂದು ಕಣೇ ನಿಂದು" ಅಂತ ನಮ್ಮಮ್ಮ ನನಗೆ ಬುದ್ಧಿ ಬಂದಾಗಿಂದ ಹೇಳ್ತಾನೇ ಇದ್ದಾಳೆ. ಆ ಸೋಮವಾರ ಬಾಯಿಗಿಂತಲೂ ಬೆರಳು ಮುಂದಾಯ್ತು. ನಾನು ಕೆಲಸ ಮಾಡೋ ತರೀಕೆರೆಯ ಲ್ಯಾಬಿನಲ್ಲಿ ಊಟದ ಡಬ್ಬಿ ಪಕ್ಕಕ್ಕೆ ತಳ್ಳಿ, ಹದಿನಾಲ್ಕು ಜನರ ನಮ್ಮ ಗುಮ್ಮ ಗ್ರೂಪಿಗೆ ಹೀಗೆ ಬರೆದು ಕಳಿಸಿಬಿಟ್ಟೆ:

"ಕಡೂರಿನ ಭೈರೇಶ್ ಕೊಟ್ಟ ಹಲ್ಲುಕಿರುಕನ ಡಬ್ಬಿ ಬಿಚ್ಚಿ ಅಂಟಿಸಿದ ಮಾಲು. ತೂಕ ಮೂವತ್ನಾಲ್ಕು ಗ್ರಾಂ. ಇನ್ಮೇಲೆ ಇವರ ಹತ್ರ ಯಾರೂ ಏನೂ ತಗೋಬೇಡಿ."

ಕೆಳಗೆ ಎರಡು ಫೋಟೋ ಬೇರೆ ಹಾಕಿದೆ. ಒಂದು ತಕ್ಕಡಿಯದ್ದು, ಇನ್ನೊಂದು ಡಬ್ಬಿಯ ತಳದಲ್ಲಿ ಎರಡನೇ ಸಲ ಹಚ್ಚಿದ ಗೋಂದಿನ ಗೆರೆಯದ್ದು.

ಗುಮ್ಮಗಳ ವಿಷಯ ನಿಮಗೆ ಹೇಳ್ಲೇಬೇಕು. ಇಲ್ಲಾಂದ್ರೆ ಬೊಂಬೆಗೋಸ್ಕರ ಇವಳು ಯಾಕಿಷ್ಟು ಕುಣಿದಾಡ್ತಾಳೆ ಅನ್ಕೋತೀರಿ. ನಾವು ಸ್ಕೂಲಿಗೆ ಹೋಗೋವಾಗ ಪೆಟ್ಟಿಗೆ ಅಂಗಡೀಲಿ ರಬ್ಬರಿನ ರಾಕ್ಷಸ ಬೊಂಬೆ ಸಿಕ್ತಿದ್ವು. ಒಟ್ಟು ಹನ್ನೆರಡು ಥರ. ಒಂಟಿಕಣ್ಣ, ಹೊಟ್ಟೆಬಾಕ, ಗೂನುಬೆನ್ನ, ಹಲ್ಲುಕಿರುಕ, ಹೀಗೆ ಹೆಸರೆಲ್ಲ ನಾವೇ ಇಟ್ಟಿದ್ದು. ಆಮೇಲೆ ಅವು ಬರೋದೇ ನಿಂತುಹೋಯ್ತು. ಮೂರು ವರ್ಷದ ಹಿಂದೆ ಅದೇ ಕಂಪನಿಯವರು ಅದೇ ಗುಮ್ಮಗಳನ್ನ ಹೆಬ್ಬೆರಳು ಗಾತ್ರಕ್ಕೆ ಇಳಿಸಿ, ಕಪ್ಪು ಡಬ್ಬೀಲಿ ಹಾಕಿ ಮತ್ತೆ ಬಿಟ್ಟರು. ಒಳಗೆ ಯಾವ ಗುಮ್ಮ ಇದೆ ಅಂತ ಡಬ್ಬಿ ಬಿಚ್ಚೋವರೆಗೂ ಗೊತ್ತಾಗಲ್ಲ. ಮದುವೆ ವಯಸ್ಸು ಮೀರ್ತಿರೋ ನನ್ನಂಥೋಳಿಗೂ, ರಿಟೈರಾದ ಸಿದ್ದಪ್ಪ ಮೇಷ್ಟ್ರಿಗೂ ಒಟ್ಟಿಗೇ ಹುಚ್ಚು ಹಿಡೀತು.

ನಮ್ಮೋರಿಗೆ ಬಿಚ್ಚದ ಡಬ್ಬೀನೇ ದೇವರು. ಬಿಚ್ಚಿದ ಮೇಲೆ ಅದಕ್ಕೆ ಬೆಲೆ ಇಲ್ಲ. ಅದಕ್ಕೇ ತೂಕ ಹಾಕಿ ಒಳಗೆ ಯಾರಿದ್ದಾರೆ ಅಂತ ಕಂಡುಹಿಡೀತೀವಿ. ಡಬ್ಬಿ ಸೇರಿ ಒಂಟಿಕಣ್ಣ ಇಪ್ಪತ್ತಾರು ಗ್ರಾಂ, ಹೊಟ್ಟೆಬಾಕ ಇಪ್ಪತ್ತೊಂಬತ್ತು, ಎಲ್ಲರಿಗಿಂತ ಭಾರ ಹಲ್ಲುಕಿರುಕ, ಮೂವತ್ತೊಂದು. ನನ್ನ ಲ್ಯಾಬಿನ ತಕ್ಕಡಿ ಒಂದು ಕೂದಲೆಳೆ ಇಟ್ರೂ ಹೇಳುತ್ತೆ. ಅದಕ್ಕೇ ಕಡೂರು, ಬೀರೂರು, ಅಜ್ಜಂಪುರ ಎಲ್ಲಾ ಕಡೆಯಿಂದ ಡಬ್ಬಿಗಳು ನನ್ನ ಹತ್ರಾನೇ ಬರ್ತಿದ್ವು. ಪ್ರಿಯಾಂಕಾ ಹೇಳಿದ ತೂಕ ಅಂದ್ರೆ ಗ್ರೂಪಲ್ಲಿ ಮುಗೀತು, ಎದುರು ಮಾತಿಲ್ಲ.

ಮೂವತ್ನಾಲ್ಕು ಗ್ರಾಂ ತೂಗೋ ಗುಮ್ಮ ಯಾವುದೂ ಇಲ್ಲ.

ಬೇರೆ ಯಾರಾದ್ರೂ ಆಗಿದ್ರೆ ಫೋನ್ ಮಾಡಿ ಕೇಳ್ತಿದ್ದೆ. ಭೈರೇಶ ಆಗಿದ್ದಕ್ಕೇ ತಡೆಯೋಕಾಗ್ಲಿಲ್ಲ. ಯಾಕಂದ್ರೆ ಅಷ್ಟರಲ್ಲಿ ನನಗೆ ಅವನ ಮೇಲೆ ಮನಸ್ಸಾಗಿತ್ತು. ಬೀದೀಲಿ ಹೋಗೋನು ಮೋಸ ಮಾಡಿದ್ರೆ ಬೈದು ಸುಮ್ನಾಗ್ತೀವಿ. ಇವನು ಮೋಸ ಮಾಡ್ದ ಅಂದ್ಕೊಂಡಾಗ ನನಗೆ ಅನ್ನ ಇಳೀಲಿಲ್ಲ.

ಅವನದು ಕಡೂರಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಊರು ಸಿಂಗಟಗೆರೆ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುತ್ತಾ ಕೂತಿರ್ತಿದ್ದ, ಬೆರಳ ತುದೀಲಿ ಯಾವಾಗ್ಲೂ ವಾರ್ನಿಶ್ ಕಲೆ. ಗ್ರೂಪಲ್ಲಿ ಡಬ್ಬಿ ಸಿಕ್ಕ ತಕ್ಷಣ ಟರ್ ಅಂತ ಹರಿದು ಬಿಚ್ಚೋನು ಅವನೊಬ್ಬನೇ. ಗುಮ್ಮಗಳನ್ನ ಮೋಟಾರುಗಳ ತಲೆ ಮೇಲೆ ಸಾಲಾಗಿ ಕೂರಿಸ್ತಿದ್ದ.

"ಅವು ಆಟ ಆಡೋಕ್ ಇರೋದು ಕಣ್ರೀ. ನೀವು ಡಬ್ಬಿಗೆ ಕುಂಕುಮ ಹಚ್ಚಿ ಪೂಜೆ ಮಾಡೋದೊಂದು ಬಾಕಿ" ಅಂತ ಮೊದಲ ದಿನಾನೇ ನನ್ನ ರೇಗಿಸಿದ್ದ.

"ನೀವು ಹರಿದು ಹಾಕಿದ ಡಬ್ಬಿ ಲೆಕ್ಕ ಹಾಕಿದ್ರೆ ನಿಮಗೆ ಪಾಪ ಸುತ್ಕೊಳುತ್ತೆ" ಅಂದಿದ್ದೆ ನಾನು.

ಆಗ ಅವನು ತಲೆ ಬಗ್ಗಿಸಿ ತಂತಿ ಸುತ್ತುತ್ತಲೇ ಕಣ್ಣು ಮಾತ್ರ ಎತ್ತಿ ನೋಡಿದ. ತುಟಿ ನಗಲಿಲ್ಲ, ಕಣ್ಣು ನಕ್ಕಿತು. ಬೀರೂರು ದಾಟೋವರೆಗೂ ಬಸ್ಸಿನ ಕಿಟಕೀಲಿ ಅದೇ ಕಣ್ಣು ಕಾಣ್ತಿತ್ತು. ಹತ್ತು ತಿಂಗಳಲ್ಲಿ 'ರೀ' ಬಿದ್ದುಹೋಗಿ 'ನೀನು' ಬಂತು. ಮಾತು ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ, ಇಬ್ಬರಿಗೂ ಧೈರ್ಯ ಸಾಲಲಿಲ್ಲ.

ಆ ಹಲ್ಲುಕಿರುಕ ಒಂದೇ ನನಗೆ ಬಾಕಿ ಇದ್ದದ್ದು. ಅದನ್ನ ಹಿಂದಿನ ಭಾನುವಾರ ಕಡೂರು ಬಸ್‌ಸ್ಟ್ಯಾಂಡಿನ ಟೀ ಅಂಗಡೀಲಿ ನನ್ನ ಕೈಗಿಟ್ಟ. ಬದಲಿಗೆ ನನ್ನ ಎರಡು ಒಂಟಿಕಣ್ಣ ತಗೊಂಡ.

"ಈ ಸಲನಾದ್ರೂ ಬಿಚ್ಚು ಪ್ರಿಯಾ. ಮನೆಗೆ ಹೋಗಿ, ಒಬ್ಬಳೇ ಇದ್ದಾಗ."

"ಬಿಚ್ಚಲ್ಲಪ್ಪ. ಏನೀಗ?"

"ನನಗೋಸ್ಕರ" ಅಂದ. ಅಂದೋನು ಟೀ ಲೋಟದೊಳಗೇ ನೋಡ್ತಾ ಕೂತ. ಕಿವಿ ಕೆಂಪಗಾಗಿತ್ತು. ನಾನು ಪೆದ್ದಿ, ಸೆಖೆ ಅನ್ಕೊಂಡೆ.

ಸೋಮವಾರ ತೂಗಿದೆ, ಫೋಟೋ ಹಾಕಿದೆ. ಸಂಜೆ ಅವನ ಉತ್ತರ ಬಂತು.

"ನಿಮ್ಮ ಉತ್ತರ ಗೊತ್ತಾಯ್ತು. ಇಷ್ಟು ಜನರ ಮುಂದೆ ಹೇಳೋದು ಬೇಕಿರ್ಲಿಲ್ಲ."

ಅಷ್ಟೇ. ಗ್ರೂಪ್ ಬಿಟ್ಟುಹೋದ. ನನ್ನ ನಂಬರನ್ನೂ ಬ್ಲಾಕ್ ಮಾಡಿದ. ಮತ್ತೆ 'ನೀವು' ಆಗಿದ್ದು ಚುಚ್ಚಿತು. ಆದ್ರೆ ಹಟ ಬಿಡಲಿಲ್ಲ, ಯಾವ ಉತ್ತರ ಅಂತ ಯೋಚಿಸಲೂ ಇಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂದ್ಕೊಂಡೆ. ಆ ವಾರ ಪೂರ್ತಿ ಗ್ರೂಪಲ್ಲಿ ಅವನಿಗೆ ಬೈಗುಳ ಬಿತ್ತು. ಅವನ ಅಂಗಡಿಗೆ ಮೋಟಾರ್ ಹಾಕೋ ಇಬ್ಬರು, "ಡಬ್ಬೀಲೇ ಹಿಂಗೆ, ಇನ್ನು ತಂತೀಲಿ ಎಷ್ಟು ಹೊಡ್ದಿದ್ದಾನೋ" ಅಂತ ಬರೆದರು. ಓದ್ತಾ ಓದ್ತಾ ನಾನೇ ಫೋನ್ ಮಗುಚಿ ಇಟ್ಟುಬಿಟ್ಟೆ.

ಶನಿವಾರ ಸಿದ್ದಪ್ಪ ಮೇಷ್ಟ್ರು ಫೋನ್ ಮಾಡಿದರು. ಗ್ರೂಪ್ ಶುರು ಮಾಡಿದ್ದೇ ಅವರು.

"ನೋಡಮ್ಮಾ, ಒಬ್ಬ ಮನುಷ್ಯನ ಮರ್ಯಾದೆ ವಿಷಯ ಇದು. ತೂಕ ಸಾಲದು. ನಾಳೆ ಹತ್ತು ಗಂಟೆಗೆ ವಿಡಿಯೋ ಕಾಲಲ್ಲಿ ಎಲ್ಲರ ಮುಂದೆ ಡಬ್ಬಿ ಬಿಚ್ಚು. ಒಳಗೆ ಏನಿದೆ ಅಂತ ಎಲ್ಲರೂ ನೋಡ್ಲಿ."

"ಬಿಚ್ತೀನಿ ಸಾರ್. ನನಗೇನು ಭಯ?"

ಭಾನುವಾರ ಬುಕ್ಕಾಂಬುಧಿಯ ನಮ್ಮ ಮನೆ ಜಗಲೀಲಿ ಮೊಬೈಲನ್ನ ಬಿಂದಿಗೆಗೆ ಒರಗಿಸಿ ಕೂತೆ. ಹನ್ನೆರಡು ಮುಖ ಪರದೆ ಮೇಲೆ. ಬ್ಲೇಡಿನಿಂದ ಗೋಂದು ಕೊಯ್ದೆ. ಮೊದಲು ಹಲ್ಲುಕಿರುಕ ಬಂದ, ಹಲ್ಲು ಕಿರಿದುಕೊಂಡು, ಅಸಲಿ ಹಲ್ಲುಕಿರುಕ. ಅವನ ಹಿಂದೆ ನಾಲ್ಕು ಮಡಿಕೆ ಮಾಡಿದ ಗೆರೆ ಹಾಳೆ ಬಿತ್ತು.

"ಏನಮ್ಮಾ ಅದು ಕಾಗದ?" ಮೇಷ್ಟ್ರು ಕೇಳಿದರು.

ಮೇಲುಗಡೆ ನನ್ನ ಹೆಸರು. ವಾರ್ನಿಶ್ ಬೆರಳಿನ ಕಲೆ. ನಾನು ಕಾಲ್ ಕಟ್ ಮಾಡಿಬಿಟ್ಟೆ.

"ಪ್ರಿಯಾ, ಎದುರಿಗೆ ಕೇಳೋಕೆ ನಾಲಿಗೆ ಹೊರಳಲ್ಲ, ಅದಕ್ಕೆ ಡಬ್ಬಿ ಬಿಚ್ಚಿ ಇದನ್ನ ಇಟ್ಟು ಅಂಟಿಸಿದೀನಿ. ನೀನು ಬೈತೀಯ ಅಂತ ಗೊತ್ತು. ನಿನ್ನ ಮದುವೆ ಆಗ್ಬೇಕು ಅಂತ ನನಗೆ ಆಸೆ. ಮುಂದಿನ ಭಾನುವಾರ ಹನ್ನೊಂದಕ್ಕೆ ಅಜ್ಜಂಪುರದಲ್ಲಿ ಹೆಣ್ಣು ನೋಡೋಕೆ ಮನೇಲಿ ಕರ್ಕೊಂಡು ಹೋಗ್ತಾರೆ. ಅಷ್ಟರೊಳಗೆ ನೀನು ಹೂಂ ಅಂದ್ರೆ ಅಮ್ಮನಿಗೆ ಹೇಳಿ ನಿಲ್ಲಿಸ್ತೀನಿ. ಬೇಡ ಅಂದ್ರೆ ಬೇಡ ಅನ್ನು. ಯಾರಿಗೂ ಗೊತ್ತಾಗೋದು ಬೇಡ."

ಅಯ್ಯೋ ದೇವ್ರೇ. ಅವನು ಹೇಳಿದ ಹಾಗೆ ಒಬ್ಬಳೇ ಕೂತು ಬಿಚ್ಚಿ ಓದಿದ್ದೀನಿ, ಓದಿದ ಮೇಲೇ ಅವನನ್ನ ಕಳ್ಳ ಅಂತ ಬೀದಿಗೆಳೆದಿದ್ದೀನಿ ಅಂತ ತಾನೇ ಅವನು ತಿಳ್ಕೊಂಡಿರೋದು! ಗಂಡಸಿನ ಆಸೇನ ಇದಕ್ಕಿಂತ ಕೆಟ್ಟದಾಗಿ ಯಾರು ತುಳೀತಾರೆ?

ಆ ಭಾನುವಾರ ಇವತ್ತೇ, ಫೋನ್ ಮಾಡೋಣ ಅಂದ್ರೆ ನನ್ನ ನಂಬರು ಬ್ಲಾಕು. ಗಡಿಯಾರ ನೋಡಿದೆ. ಹತ್ತೂ ಕಾಲು.

ಅಪ್ಪ ತೋಟಕ್ಕೆ ಹೋಗಿದ್ದ. "ಎಲ್ಲಿಗೇ?" ಅಂತ ಅಮ್ಮ ಒಳಗಿಂದ ಕೂಗಿದ್ದಕ್ಕೆ "ಬಂದೆ" ಅಂದೋಳು ಸ್ಕೂಟಿ ಹತ್ತಿದೆ. ಕೆರೆ ಏರಿ ಮೇಲೆ ಎಮ್ಮೆಗಳು ಅಡ್ಡ ನಿಂತಿದ್ವು, ಹಾರ್ನ್ ಹೊಡೆದೂ ಹೊಡೆದೂ ಅಳು ಬಂತು. ಹೆಣ್ಣಿನ ಮನೆ ಯಾವುದು, ಯಾವ ಬೀದಿ, ನನಗೇನೂ ಗೊತ್ತಿಲ್ಲ. ಆದ್ರೆ ಒಂದು ಗೊತ್ತಿತ್ತು. ಹೆಣ್ಣು ನೋಡೋಕೆ ಹೋಗೋರು ಬರಿಗೈಲಿ ಹೋಗಲ್ಲ. ಹೂವು ಬಾಡಬಾರದು ಅಂತ ಊರಿಗೆ ಬಂದ ಮೇಲೇ ಕೊಳ್ತಾರೆ. ಅಜ್ಜಂಪುರದ ಬಸ್‌ಸ್ಟ್ಯಾಂಡ್ ಹತ್ರ ಹೂವಿನವರು ಕೂರೋ ಜಾಗಕ್ಕೆ ಬಂದೇ ಬರ್ತಾರೆ.

ಹತ್ತು ಐವತ್ತಕ್ಕೆ ಒಂದು ಬಿಳಿ ಓಮ್ನಿ ಬಂದು ನಿಂತಿತು. ಓಡಿಸ್ತಿದ್ದೋರು ಅವನ ಸೋದರಮಾವ ದೇವೀರಪ್ಪ, ಹಿಂದೆ ಅವನ ತಾಯಿ ಕಾಂತಮ್ಮ. ಇಬ್ಬರನ್ನೂ ಅಂಗಡೀಲಿ ನೋಡಿದ್ದೆ. ಭೈರೇಶ ಇಸ್ತ್ರಿ ಮಾಡಿದ ಬಿಳಿ ಶರ್ಟಲ್ಲಿ ಇಳಿದ. ನನ್ನ ಕಂಡು ಅಲ್ಲೇ ನಿಂತ.

"ಇನ್ನೂ ಏನಾದ್ರೂ ಅನ್ನೋದು ಬಾಕಿ ಇದೆಯೇನ್ರೀ?"

"ನಾನು ಬಿಚ್ಚಿರ್ಲಿಲ್ಲ ಭೈರೇಶ" ಅಂದೆ. "ಬರೀ ತೂಗಿದ್ದು. ನಿನ್ನ ಕಾಗದ ಈಗ ಓದ್ದೆ. ಈಗ, ಅರ್ಧ ಗಂಟೆ ಮುಂಚೆ. ನಮ್ಮಮ್ಮನಾಣೆ."

ಅವನು ನನ್ನ ಮುಖಾನೇ ನೋಡಿದ. ಆ ಕಣ್ಣಲ್ಲಿ ನಗು ಇರಲಿಲ್ಲ. ನಿದ್ದೆಗೆಟ್ಟು ಕೆಂಪಾಗಿದ್ವು.

"ಸರಿ, ಬಿಚ್ಚಿರ್ಲಿಲ್ಲ. ಆದ್ರೆ ಒಂದು ಫೋನ್ ಮಾಡಿ 'ಇದೇನೋ' ಅಂತ ಕೇಳ್ಬೋದಿತ್ತಲ್ಲ ಪ್ರಿಯಾ? ಮೂರು ಗ್ರಾಂ ಹೆಚ್ಚು ಬಂತು ಅಂತ ನನ್ನ ಕಳ್ಳ ಮಾಡ್ದೆ. ಹತ್ತು ತಿಂಗಳು ನೋಡಿದೀಯ ನನ್ನ. ಈ ವಾರ ಎರಡು ಮೋಟಾರ್ ವಾಪಸ್ ಹೋದ್ವು ಅಂಗಡಿಯಿಂದ."

ಅವನು ಹೇಳಿದ್ದು ಅಕ್ಷರ ಅಕ್ಷರ ನಿಜ. ಅಲ್ಲೇ ಹೂವಿನವರ ಮುಂದೆ ಮೊಬೈಲ್ ತೆಗೆದು ಗ್ರೂಪಿಗೆ ವಿಡಿಯೋ ಕಾಲ್ ಹಾಕಿದೆ. ಮೇಷ್ಟ್ರು ಬಂದರು, ಇನ್ನೂ ಏಳೆಂಟು ಜನ ಬಂದರು.

"ಎಲ್ಲರೂ ಕೇಳಿಸ್ಕೊಳ್ಳಿ" ಅಂದೆ. "ಡಬ್ಬೀಲಿದ್ದದ್ದು ಅಸಲಿ ಗುಮ್ಮ. ಭೈರೇಶ ಮೋಸ ಮಾಡಿಲ್ಲ. ಕೇಳದೆ ಬಾಯಿ ಹಾಕಿದ್ದು ನಾನು. ಹೆಚ್ಚು ಬಂದ ತೂಕ ಅವನು ನನಗೆ ಬರೆದ ಕಾಗದದ್ದು. ನನ್ನ ಮದುವೆ ಆಗ್ಬೇಕು ಅಂತ ಬರೆದಿದ್ದಾನೆ. ನನಗೆ ಒಪ್ಪಿಗೆ. ಅವನಿಗೆ ಈಗ್ಲೂ ಒಪ್ಪಿಗೆ ಇದೆಯೋ ಇಲ್ವೋ ಗೊತ್ತಿಲ್ಲ. ಇಲ್ಲಾಂದ್ರೂ ತಪ್ಪು ನಂದೇ. ವಾಪಸ್ ತಗೊಂಡೋದ ಮೋಟಾರು ನಾಳೆ ಬೆಳಿಗ್ಗೆ ಅವನ ಅಂಗಡೀಲಿರ್ಬೇಕು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಹೂವಿನವಳು ಮೊಳ ಹಾಕ್ತಾ ಇದ್ದೋಳು ಕೈ ನಿಲ್ಲಿಸಿ ನನ್ನ ನೋಡ್ತಿದ್ದಳು. ಓಮ್ನಿ ಕಿಟಕೀಲಿ ಕಾಂತಮ್ಮನೂ ನೋಡ್ತಿದ್ದರು.

"ಲೇ ಭೈರಾ" ಅಂದರು ಅವರು. "ಅಲ್ಲಿ ಹೆಣ್ಣುಮಗಳು ಸೀರೆ ಉಟ್ಕೊಂಡು ಕಾಯ್ತಾ ಕೂತದೆ. ಕೊಟ್ಟ ಮಾತಿದೆ. ನಡಿ."

ಅವನು ಎರಡು ಮೊಳ ಮಲ್ಲಿಗೆ ತಗೊಂಡ, ಬಾಳೆಹಣ್ಣು ತಗೊಂಡ. ನನ್ನ ಕಡೆ ಒಂದು ಸಲ ತಿರುಗಿ ನೋಡಿ, ಹೋಗಿ ಗಾಡೀಲಿ ಕೂತ. ಓಮ್ನಿ ಹೋಯ್ತು.

ನಾನು ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತೆ. ಮನೆಗೆ ಹೋಗೋಕೆ ಮನಸ್ಸು ಬರಲಿಲ್ಲ. ಹನ್ನೊಂದೂವರೆ ಆಯ್ತು. ಈಗ ಉಪ್ಪಿಟ್ಟು ಕೊಟ್ಟಿರ್ತಾರೆ, ಈಗ ಹುಡುಗಿ ಕಾಫಿ ತಂದಿರ್ತಾಳೆ, ಅವನು ತಲೆ ಎತ್ತಿ ಅದೇ ಕಣ್ಣಲ್ಲಿ ಅವಳನ್ನ ನೋಡಿರ್ತಾನೆ ಅಂತ ನನಗೆ ನಾನೇ ಚುಚ್ಚಿಕೊಂಡೆ. ತರೀಕೆರೆ ಬಸ್ಸು ಬಂತು, ಹೋಯ್ತು. ಬೀರೂರು ಬಸ್ಸು ಬಂತು, ಹೋಯ್ತು. ಹೂವಿನವಳು ಕೇಳದೆಯೇ ಒಂದು ಲೋಟ ನೀರು ತಂದುಕೊಟ್ಟಳು. ಕುಡಿದು ಜೋರಾಗಿ ಅತ್ತುಬಿಟ್ಟೆ.

ಹನ್ನೆರಡು ದಾಟಿದ ಮೇಲೆ ಭೈರೇಶ ನಡ್ಕೊಂಡು ಬಂದ. ಗಾಡಿ ಇಲ್ಲ, ಒಬ್ಬನೇ. ಬಿಳಿ ಶರ್ಟ್ ಬೆವರಿಗೆ ಬೆನ್ನಿಗಂಟಿತ್ತು. ಬೆಂಚಿನ ಆ ತುದೀಲಿ ಕೂತ.

"ಹುಡುಗಿ ಹೇಗಿದ್ದಾಳೆ?" ಅಂದೆ. ಕೆಟ್ಟ ಬಾಯಿ, ಆಗಲೂ ಸುಮ್ಮನಿರಲಿಲ್ಲ.

"ಚೆನ್ನಾಗಿದ್ದಾಳೆ. ಬಾಗಿಲಲ್ಲೇ ನಿಂತ್ಕೊಂಡು, ನನ್ನ ಮನಸ್ಸು ಬೇರೆ ಕಡೆ ಇದೆ, ಮುಂಚೇನೇ ಹೇಳ್ಬೇಕಿತ್ತು, ತಪ್ಪಾಯ್ತು ಅಂದೆ. ಅವರಪ್ಪ ಬೈದ್ರು. ಬೈಸ್ಕೊಂಡೆ, ಬೈಸ್ಕೋಬೇಕಾದ್ದೇ. ಆ ಹುಡುಗಿ ಮಾತ್ರ, 'ಒಂದು ಫೋನ್ ಮಾಡಿದ್ರೆ ಈ ಸೆಖೇಲಿ ರೇಷ್ಮೆ ಸೀರೆ ಉಡೋದು ತಪ್ತಿತ್ತಲ್ರೀ' ಅಂದ್ಲು."

ಇಬ್ಬರಿಗೂ ನಗು ಬಂತು. ನಗ್ತಾ ನಗ್ತಾ ನಾನು ಮತ್ತೆ ಅತ್ತೆ. ಅವನು ಬೆಂಚಿನ ಮೇಲೆ ನನ್ನ ಹತ್ತಿರಕ್ಕೆ ಸರಿದು, ಆ ಕಲೆಯ ಬೆರಳಿಂದ ನನ್ನ ಕೈ ಹಿಡಿದ. ಹತ್ತು ತಿಂಗಳಲ್ಲಿ ಮೊದಲನೇ ಸಲ.

"ಕಾಗದದಲ್ಲಿ ಬರೆದಿದ್ದನ್ನ ಬಾಯಲ್ಲೇ ಕೇಳ್ತೀನಿ. ನನ್ನ ಮದುವೆ ಆಗ್ತೀಯಾ ಪ್ರಿಯಾ? ಆದ್ರೆ ಒಂದು ಮಾತು. ಇನ್ನೊಂದ್ಸಲ ನನ್ನ ಮೇಲೆ ಅನುಮಾನ ಬಂದ್ರೆ ಮೊದಲು ನನ್ನ ಕೇಳು. ಊರಿಗೆ ಆಮೇಲೆ ಹೇಳು."

"ಕೇಳ್ತೀನಿ. ಬೈದು ಕೇಳ್ತೀನಿ."

"ಬೈದೇ ಕೇಳು."

"ಆಗ್ತೀನಿ ಕಣೋ" ಅಂದೆ.

ಅಷ್ಟರಲ್ಲಿ ಓಮ್ನಿ ಬಂದು ಪಕ್ಕಕ್ಕೆ ನಿಂತಿತು. ಕಾಂತಮ್ಮ ಇಳಿದು, ಸೊಂಟದ ಮೇಲೆ ಕೈ ಇಟ್ಟು, ನನ್ನ ತಲೆಯಿಂದ ಕಾಲಿನವರೆಗೆ ನೋಡಿದರು. ನಾನು ಕೈ ಬಿಡಿಸ್ಕೊಂಡು ಎದ್ದು ನಿಂತೆ.

"ಯಾವೂರವ್ವ ನಿಂದು?"

"ಬುಕ್ಕಾಂಬುಧಿ ಅಮ್ಮಾ."

"ಹತ್ರಾನೇ ಐತೆ. ತಪ್ಪಾಯ್ತು ಅಂತ ತಂದಿದ್ದ ಹೂವ ಆ ಹುಡ್ಗೀಗೇ ಮುಡಿಸಿ ಬಂದಿವ್ನಿ. ಭೈರಾ, ಬೇರೆ ಹೂವ ತಗೊಳ್ಳೋ."

"ಇವತ್ತೇನಾ?" ನನಗೆ ಗಾಬರಿಯಾಯ್ತು. "ಅಮ್ಮಾ, ನಮ್ಮನೇಲಿ ಇನ್ನೂ ಯಾರಿಗೂ ಏನೂ ಗೊತ್ತಿಲ್ಲ!"

"ಬಸ್‌ಸ್ಟ್ಯಾಂಡಲ್ಲಿ ನಿಂತ್ಕೊಂಡು ಊರಿಗೆಲ್ಲಾ ಸಾರುವಾಗ ನಿಮ್ಮವ್ವ ನೆನಪಾಗ್ಲಿಲ್ವಾ?"

ಭೈರೇಶ ಮುಖ ಆ ಕಡೆ ತಿರುಗಿಸಿ ನಕ್ಕ. ಹೂವಿನವಳು ಆಗ್ಲೇ ಮೊಳ ಹಾಕೋಕೆ ಶುರು ಮಾಡಿದ್ದಳು, ಮೊಳಕ್ಕೊಂದು ಗೇಣು ಹೆಚ್ಚು ಬಿಟ್ಟು. ನಾನು ಮನೆಗೆ ಫೋನ್ ಹಚ್ಚಿದೆ.

"ಅಮ್ಮಾ, ಕಾಫಿಗೆ ನೀರಿಡು. ಅಪ್ಪಂಗೆ ತೋಟದಿಂದ ಬರೋಕೆ ಹೇಳು."

"ಯಾಕೇ? ಯಾರು ಬರ್ತಿದ್ದಾರೆ?"

"ಹೆಣ್ಣು ನೋಡೋಕೆ ಬರ್ತಿದ್ದಾರೆ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯ್ತು. ಆಮೇಲೆ ಅಮ್ಮ ಮೆಲ್ಲಗೆ ಕೇಳಿದಳು.

"ಅಲ್ವೇ, ಹೆಣ್ಣು ಎಲ್ಲಿದಾಳೆ?"

"ಅವರ ಜೊತೇಲೇ ಬರ್ತಿದ್ದಾಳೆ" ಅಂದೆ.