ಆರದ ಕಲ್ಲಿನ ಫೋಟೋ

"ನಾ ಆ ಗುರ್ತು ಒತ್ತಿಲ್ಲರಿ ಮಾಲಕ್ರೆ, ಮೈಲಾರಲಿಂಗನ ಆಣಿ!"

ತಾಂಡೂರಿನ ಕಲ್ಲು ಪಾಲಿಶ್ ಕಾರ್ಖಾನೆಯ ಅಂಗಳದಲ್ಲಿ ಭೀಮವ್ವ ಕೈಮುಗಿದು ನಿಂತಿದ್ದಳು. ಕಲ್ಲಿನ ಬಿರುಕು ನೋಡುವುದು ಅವಳ ಕೆಲಸ. ನಿನ್ನೆ ನಾರಾಯಣಖೇಡಕ್ಕೆ ಹೋದ ಹಾಸುಗಲ್ಲುಗಳಲ್ಲಿ ಹಲವು ಇಳಿಸುವಾಗಲೇ ಬಿರುಕಿನ ಗುಂಟ ಒಡೆದು, ಲೋಡೆಲ್ಲ ವಾಪಸು ಬಂದಿತ್ತು. ಟ್ಯಾಬಿನಲ್ಲಿ ಮಾತ್ರ 'ಕಲ್ಲು ಸರಿಯಿದೆ' ಎಂಬ ಹಸಿರು ಗುರುತು ಅವಳ ಹೆಸರಿಗೇ ಇತ್ತು. ಒತ್ತಿದ ಸಮಯ ನಿನ್ನೆ ಬೆಳಿಗ್ಗೆ ಹನ್ನೊಂದು ಐದು.

ನೀರಿನ ತೊಟ್ಟಿಯ ಪಕ್ಕದ ಮೊಳೆಗೆ ತೂಗುತ್ತಿದ್ದ ಆ ಟ್ಯಾಬು ಬಂದು ಮೂರು ತಿಂಗಳಾಗಿತ್ತು. ಓದು ಬಾರದವರಿಗೂ ಅನುಕೂಲವಾಗಲೆಂದು ಒಬ್ಬೊಬ್ಬರಿಗೆ ಒಂದೊಂದು ಚಿತ್ರ, ಭೀಮವ್ವನದು ಕುರಿ. ಚಿತ್ರ ಒತ್ತಿ, ಕಲ್ಲಿನ ಫೋಟೋ ತೆಗೆದು, ಅವಳು ಕೆಂಪು ಗುರುತು ಹಾಕಿದರೆ ಮಾಲೀಕನೂ ಲಾರಿ ತುಂಬಿಸುವಂತಿರಲಿಲ್ಲ.

"ನಾಳಿಂದ ನೀ ಬರಬ್ಯಾಡ," ಎಂದ ಮಾಲೀಕ ತುಳಜಪ್ಪ. "ಟ್ಯಾಬೂ ಬ್ಯಾಡ. ಮೊದಲಿನಂಗ ಪ್ರವೀಣಕುಮಾರನೇ ನೋಡ್ಲಿ."

ಮೇಲ್ವಿಚಾರಕ ಪ್ರವೀಣಕುಮಾರ ತಲೆಯಾಡಿಸಿದ.

ಕಲ್ಲು ತೊಳೆಯುವ ಬಾಲಮಣಿ ಓಡಿಹೋಗಿ ಸ್ಟೋರು ನೋಡಿಕೊಳ್ಳುವ ಧಮ್ಮಶೀಲಾಳನ್ನು ಕರೆತಂದಳು. ಉಪ್ಪಿನಕಾಯಿ ಡಬ್ಬಿಯಿಂದ ಹಿಡಿದು ಕಟ್ಟರಿನ ಬ್ಲೇಡಿನವರೆಗೆ ಅಲ್ಲಿ ಕಳೆದದ್ದನ್ನೆಲ್ಲ ಪತ್ತೆ ಮಾಡಿದವಳು ಅವಳೇ.

ಧಮ್ಮಶೀಲಾ ಟ್ಯಾಬಿನ ಹಳೆಯ ಫೋಟೋಗಳನ್ನು ಒಂದೊಂದಾಗಿ ಸರಿಸಿ ನೋಡಿದಳು. "ನಿನ್ನಿ ಏನೇನಾತು ಹೇಳು, ಬಾಲಮಣಿ."

"ಏನ್ ಹೇಳ್ಲಿ ಅಕ್ಕ! ಕೆಸರು ತೆಗಿಯಾಕ ತೊಟ್ಟಿ ಖಾಲಿ ಮಾಡಿದ್ವಿ, ಹತ್ತೂವರಿಗಿ ಮೋಟಾರು ಕೆಟ್ಟಿತು. ಕೆಟ್ಟ ಹೊತ್ತು ನಾನೇ ಟ್ಯಾಬಿನ್ಯಾಗ ಹಾಕೀನಿ. ಎಲ್ಲಾರೂ ಅಲ್ಲಿಲ್ಲಿ ನೆರಳಿಗಿ ಹೋದ್ವಿ. ಲಾರಿ ಡ್ರೈವರ್ ಗುರುಲಿಂಗಂದು ಒಂದೇ ಸಮನ ಹಾರ್ನು. ಹನ್ನೊಂದೂವರಿಗಿ ನೀರು ಕುಡ್ಯಾಕ ಆಫೀಸಿಗಿ ಹೋದ್ರ, ಪ್ರವೀಣಕುಮಾರ ಸಾಹೇಬ್ರು ಒಬ್ರೇ ಕುಂತಾರ, ಮುಂಜಾನಿ ತಂದ ಕ್ಯಾನು ಖಾಲಿ! ಅದೆಷ್ಟು ದೊಡ್ಡ ಹೊಟ್ಟಿನೋ!"

ಧಮ್ಮಶೀಲಾ ನಕ್ಕಳು. "ನಿನ್ನ ಬಾಯಾರಿಕಿ ಕೆಲಸಕ್ಕ ಬಂತು ನೋಡು."

ಊಟವಾದ ಮೇಲೆ ಧಮ್ಮಶೀಲಾ ಎಲ್ಲರನ್ನೂ ತೊಟ್ಟಿಯ ಬಳಿ ಕರೆದು, ವಾಪಸು ಬಂದವುಗಳಲ್ಲಿ ಇನ್ನೂ ಒಡೆಯದ ಒಂದು ಕಲ್ಲಿನ ಮೇಲೆ ನೀರು ಸುರಿದಳು. ಕಲ್ಲು ಕನ್ನಡಿಯಂತೆ ಹೊಳೆಯಿತು.

"ಬಿರುಕು ಕಾಣ್ತದೇನ್ರಿ ಮಾಲಕ್ರೆ?"

"ಇಲ್ಲ."

"ಜರಾ ತಡೀರಿ."

ಬಿಸಿಲಿಗೆ ಕಲ್ಲು ಆರಿತು. ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಮಾತ್ರ ಒದ್ದೆಯಾಗಿಯೇ ಉಳಿಯಿತು.

"ಭೀಮವ್ವನ ಎಲ್ಲಾ ಫೋಟೋದಾಗೂ ಕಲ್ಲು ಅರ್ಧ ಆರ್ಯಾದ. ನಿನ್ನಿದು ಮಾತ್ರ ತೊಟ್ಟಿಕ್ಕಲಾಕತ್ತದ. ನೀರು ಹಾಕ್ತಾರಂತ ಗೊತ್ತು, ಯಾಕ ಹಾಕ್ತಾರಂತ ಗೊತ್ತಿಲ್ಲ, ಅಂಥವರ ಕೆಲಸ ಇದು. ಇಪ್ಪತ್ತು ವರ್ಷ ಕಲ್ಲು ಹೊತ್ತ ಗುರುಲಿಂಗ ಈ ತಪ್ಪು ಮಾಡಲ್ಲ. ಮೋಟಾರು ಮತ್ತ ಚಾಲೂ ಆಗಿದ್ದು ಹನ್ನೊಂದು ನಲವತ್ತಕ್ಕ, ಟ್ಯಾಬಿನ್ಯಾಗೇ ಅದ. ಹನ್ನೊಂದು ಐದಕ್ಕ ನೀರು ಎಲ್ಲಿಂದ ಬಂತು? ಆಫೀಸಿನ ಕ್ಯಾನಿನಿಂದ."

ಎಲ್ಲರ ಕಣ್ಣು ಪ್ರವೀಣಕುಮಾರನ ಕಡೆಗೆ ತಿರುಗಿತು.

"ಕುರಿ ನಾನೇ ಒತ್ತೀನಿ," ಎಂದ ಆತ ತಲೆ ತಗ್ಗಿಸಿ. "ಲಾರಿ ತಡ ಆಗ್ತಿತ್ತು. ಅಲ್ಲದ... ಮೊದಲ ಎಲ್ಲಾರೂ ನನ್ನ ಕೇಳ್ತಿದ್ರು. ಈಗ ಯಾರೂ ಕೇಳಲ್ಲ."

ತುಳಜಪ್ಪ ಬಗ್ಗಿ ಕಲ್ಲಿನ ಗೆರೆಯ ಮೇಲೆ ಬೆರಳಾಡಿಸಿದ. ಆಮೇಲೆ ತೀರ್ಪು ಹೇಳಿದ: ಭೀಮವ್ವನೂ ಇರಲಿ, ಟ್ಯಾಬೂ ಇರಲಿ, ಪ್ರತಿ ಚಿತ್ರಕ್ಕೂ ಗುಟ್ಟಿನ ಸಂಖ್ಯೆ ಬರಲಿ. ಪ್ರವೀಣಕುಮಾರ ಒಂದು ತಿಂಗಳು ಭೀಮವ್ವನ ಕೈಕೆಳಗೆ ಕಲ್ಲು ನೋಡುವುದನ್ನು ಕಲಿಯಲಿ.

ಮರುದಿನ ಜಹೀರಾಬಾದಿಗೆ ಹೋಗಬೇಕಾದ ಲಾರಿ ಬಾಗಿಲಲ್ಲಿ ಕೂಗುತ್ತಿತ್ತು.

"ಆತೇನು?" ಎಂದ ಪ್ರವೀಣಕುಮಾರ, ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು.

"ಇನ್ನಾ ಆರಿಲ್ಲರಿ ಸಾಹೇಬ್ರೆ. ಕುಂದ್ರಿ," ಎಂದಳು ಭೀಮವ್ವ.

ಬಾಲಮಣಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಆಫೀಸಿನ ಕಿಟಕಿಯಿಂದ ತುಳಜಪ್ಪನ ದನಿ ಬಂತು:

"ಏ ಗುರುಲಿಂಗ, ಹಾರ್ನ್ ಬಂದ್ ಮಾಡೋ! ಭೀಮವ್ವ ಹೇಳೋತನಕ ತಡಿ."