ನವಿಲಿನ ನೋಟು

ಜಮಖಂಡಿಯಲ್ಲಿ ನಾನು ಹಳೆಯ ನೋಟು ಕೊಳ್ಳುವವನು. ಬೀಳಗಿ ಕಡೆಯ ಪದ್ಮವ್ವನ ಮನೆಯಲ್ಲಿ, ಒಂದು ಪೆಟ್ಟಿಗೆಯಲ್ಲಿಟ್ಟಿದ್ದ ನವಿಲಿನ ಚಿತ್ರದ ಬರ್ಮಾ ನೋಟುಗಳನ್ನು ನೋಡಿದ್ದೆ. ದೀಪಾವಳಿಗೊಮ್ಮೆ ಲಕ್ಷ್ಮೀಪೂಜೆಯಲ್ಲಿಟ್ಟು ಕುಂಕುಮ ಹಚ್ಚಿ ಬೆಲೆ ಕೆಡಿಸಿದ್ದರು. ಆಲಮಟ್ಟಿ ಹಿನ್ನೀರು ಊರು ನುಂಗಿದಾಗ, ಆ ಪೆಟ್ಟಿಗೆ ತರಲು ಹೋದ ಮಗ ಹಾಲೇಶ ಮರಳಲಿಲ್ಲ.

ಮರುವರ್ಷ ಪದ್ಮವ್ವ ಒಂದು ಒದ್ದೆ ನೋಟು ತಂದಳು.

"ಮುಂಜಾನಿ ಹೊಸ್ತಿಲ ಮ್ಯಾಲಿತ್ತು. ನಮ್ಮ ಪೆಟಗ್ಯಾಂದ ಏನ್ರೀ ಅಣ್ಣಾರ?"

ನವಿಲಿನ ಕಣ್ಣ ಮೇಲೆ ಅದೇ ಕುಂಕುಮ, ಇನ್ನೂ ಹಸಿ. ಒಣಗಲೆಂದು ಇಸ್ತ್ರಿ ಒತ್ತಿದರೂ ನೋಟು ತಣ್ಣಗೇ ಉಳಿಯಿತು.

"ನಿಮ್ಮದ ಐತಿ, ಯವ್ವಾ," ಎಂದೆ.

"ಹಂಗಾರ ಅಂವ ಅದಾನ! ಬರಾಕ ದಾರಿ ತಿಳೀವಲ್ದು ಹುಚ್ಚಪ್ಪಗ," ಎಂದು ನಕ್ಕಳು. ಮಗನನ್ನು ಕರೆತರಲು ಅಂದೇ ಹಿನ್ನೀರಿಗೆ ಇಳಿದಳಂತೆ. ಹೆಣವೂ ಸಿಗಲಿಲ್ಲ.

ಈಗ ಪ್ರತಿ ಅಮಾವಾಸ್ಯೆಯ ಮುಂಜಾನೆ ನನ್ನ ಅಂಗಡಿಯ ಹೊಸ್ತಿಲ ಮೇಲೆ ನವಿಲಿನ ನೋಟು ಎರಡು ಇರುತ್ತವೆ. ಎರಡೂ ಒದ್ದೆ.